ಬಿಳೀ ಗಡ್ಡಿ

ಸೋಲಾಪುರದ ನವಿ ಪೇಠದಲ್ಲಿ ಸೀರೆ ಅಂಗಡಿ ಇಟ್ಟಿದ್ದ ಮಲಕಾಜಪ್ಪ ಕೈ ಹಚ್ಚಿದ ಗಿಡ ಬದುಕಿದ್ದನ್ನು ಯಾರೂ ಕಂಡಿರಲಿಲ್ಲ. ಮಂದಿ ಹೇಳುವುದಕ್ಕಿಂತ ಮೊದಲು ಅವನೇ ಇದನ್ನು ಹೇಳಿಬಿಡುತ್ತಿದ್ದ. ಚಳಿಗಾಲದಲ್ಲಿ ಗುಲಾಬಿ ಹಚ್ಚಿದ. ಪ್ರೀತಿ ಹೆಚ್ಚಾಗಿ ದಿನಕ್ಕೆ ಮೂರು ಸಲ ನೀರು ಹಾಕಿ ಬೇರು ಕೊಳೆಸಿದ. ಬೇಸಿಗೆಗೆ ಮಲ್ಲಿಗೆ ಹಚ್ಚಿದ. ಇದೂ ಕೊಳೆತೀತೆಂದು ಅಂಜಿ ನೀರೇ ಹಾಕಲಿಲ್ಲ, ಸೋಲಾಪುರದ ಬಿಸಿಲು ಎಂಟು ದಿನದಲ್ಲಿ ಅದನ್ನು ಕಟ್ಟಿಗೆ ಮಾಡಿತು. ಶ್ರಾವಣದಲ್ಲಿ ಸೇವಂತಿಗೆ ಹಚ್ಚಿ, ಬೇರು ಬಿಟ್ಟಿದೆಯೋ ಇಲ್ಲವೋ ಎಂದು ದಿನಾ ಮುಂಜಾನೆ ಕಿತ್ತು ನೋಡಿ ಮತ್ತೆ ಹುಗಿಯುತ್ತಿದ್ದ. ಅದು ಹೆಂಗ ಬದುಕೀತು, ನೀವೇ ಹೇಳಿ. ಗಿರಾಕಿಗಳ ಮುಂದೆ ಸೀರೆ ಮಡಚುತ್ತ, "ನಿಮ್ಮ ಅಂಗಳದಾಗ ಬ್ಯಾಡಾದ ಕಸ ಬೆಳದಿದ್ದರ ಹೇಳ್ರಿ, ಬಂದು ನಾಕು ದಿನ ನೀರು ಹಾಕಿ ಹೋಗತೀನಿ" ಅನ್ನುತ್ತಿದ್ದ.

ಇಂಥವನು ೧೯೫೩ರ ಯುಗಾದಿಗೆ ಹೆಂಡತಿ ಸಾವಿತ್ರಿಬಾಯಿಯ ತವರಾದ ಅಕ್ಕಲಕೋಟಕ್ಕೆ ಹೋಗಿ ಒಂದು ಮಾತು ಕೊಟ್ಟು ಕೂತ.

ಅತ್ತೆ ತುಳಜಾಬಾಯಿಗೆ ಎರಡೂ ಕಣ್ಣಿಗೆ ಪೊರೆ ಬಂದು ಏನೂ ಕಾಣುತ್ತಿರಲಿಲ್ಲ. ಆ ವರ್ಷ ಗಂಡುಮಕ್ಕಳು ಹಿತ್ತಲಿನ ಹಳೇ ಬಚ್ಚಲು ಕೆಡವಿ ಹೊಸದು ಕಟ್ಟಿಸಿದ್ದರು. ನೆಲ ಅಗೆಯುವಾಗ ಅಲ್ಲಿದ್ದ ಸುಗಂಧರಾಜದ ಹಿಂಡೂ ಎದ್ದುಹೋಗಿತ್ತು. ಅದು ತೀರಿಹೋದ ಗಂಡ ಎಲ್ಲಿಂದಲೋ ತಂದದ್ದು. ಸೋಲಾಪುರದವರು ಅದಕ್ಕೆ ನಿಶಿಗಂಧ ಅನ್ನುತ್ತಾರೆ; ಮುದುಕಿ ಬರೇ ಬಿಳೀ ಹೂವು ಅನ್ನುತ್ತಿದ್ದಳು. ಆರೇಳು ಗಡ್ಡೆ ಮಾತ್ರ ಉಳಿದಿದ್ದವು.

"ಕಣ್ಣಂತೂ ಹೋದೂ ಅಳ್ಯಾರ, ಮೂಗೊಂದು ಉಳದದ" ಅಂದಳು ತುಳಜಾಬಾಯಿ. "ಆ ವಾಸನಿ ಬಂದರ ಅವರು ಬಾಜೂಕ ಬಂದು ಕುಂತಂಗ ಆಗತಿತ್ತು. ಈಗ ಅದೂ ಇಲ್ಲ."

ಮಲಕಾಜಪ್ಪ ಮುಂದೆ ಬಗ್ಗಿ ಅಂದ: "ಆ ಗಡ್ಡಿ ನನಗ ಕಳಸ್ರಿ, ಅತ್ತಿ. ದಸರಾಕ ಒಂದು ಕಡ್ಡಿ ಹೂ ನಿಮ್ಮ ಕೈಯಾಗ ಇಡತೀನಿ."

ಸಾವಿತ್ರಿಬಾಯಿ ಹಣೆ ಹಣೆ ಬಡಿದುಕೊಂಡಳು. ಆದರೆ ಮಾತು ಬಾಯಿ ದಾಟಿ ಹೋಗಿತ್ತು.

ಜೂನ್ ಮೊದಲಿಗೆ ಮಿರಗದ ಮಳೆ ಬಿದ್ದ ಮರುದಿನ ಅಕ್ಕಲಕೋಟದಿಂದ ಬಂದವರೊಬ್ಬರು ಒಂದು ಗಂಟು ತಂದುಕೊಟ್ಟರು, ಜೊತೆಗೊಂದು ಚೀಟಿ. ತುಳಜಾಬಾಯಿಗೆ ಬರುವುದು ಕನ್ನಡ ಒಂದೇ. ಅವಳ ಓಣಿಯಲ್ಲಿ ಬರೆಯಬಲ್ಲವರು ಬರೆಯುವುದೆಲ್ಲ ಮರಾಠಿ; ಅವಳು ಹೇಳಿದ್ದನ್ನು ಅವರಲ್ಲೊಬ್ಬರು ಬರೆದುಕೊಟ್ಟಿದ್ದರು. ಮಲಕಾಜಪ್ಪ ಕಲಿತದ್ದೂ ಮರಾಠಿ ಸಾಲೆಯಲ್ಲೇ. ಮನೆತುಂಬ ಕನ್ನಡ ಮಾತಾಡುವ ಅವನು ಕನ್ನಡ ಅಕ್ಷರ ಕಂಡರೆ ಹಾದಿ ಬಿಟ್ಟು ನಡೆಯುತ್ತಿದ್ದ. ಚೀಟಿಯನ್ನು ಗಟ್ಟಿಯಾಗಿ ಓದಿದ: "ಪಾಂಢರೇ ಕಾಂದೇ ಲಾವಾವೇತ, ಬಾಕೀಚೇ ಖಾವೇತ." ಅಂದರೆ, ಬಿಳೀ ಗಡ್ಡೆ ಹಚ್ಚಬೇಕು, ಉಳಿದದ್ದು ತಿನ್ನಬೇಕು.

ಗಂಟು ಬಿಚ್ಚಿದರೆ ದುಂಡಗೆ, ಬೆಳ್ಳಗೆ ಹೊಳೆಯುವ ಹತ್ತು ಗಡ್ಡೆ. ಬದಿಗೆ ಮಣ್ಣು ಮೆತ್ತಿದ, ಕಂದುಬಣ್ಣದ, ಸೊರಗಿದ ಆರೇಳು ಗಡ್ಡೆ.

"ರೀ, ಈ ಬಿಳೀವು ಉಳ್ಳಾಗಡ್ಡಿ ಇದ್ದಂಗ ಕಾಣತಾವಲ್ರಿ" ಅಂದಳು ಸಾವಿತ್ರಿಬಾಯಿ.

"ಚೀಟಿಯೊಳಗ ಸ್ವಚ್ಛ ಬರದದ. ನೀ ಓದಿಯೇನು?"

ಓದು ಬಾರದ ಸಾವಿತ್ರಿಬಾಯಿ ಕಂದು ಗಡ್ಡೆಗಳನ್ನು ಸೆರಗಿಗೆ ಹಾಕಿಕೊಂಡು ಒಳಗೆ ಹೋದಳು.

ಮಲಕಾಜಪ್ಪ ಅಂಗಳದಲ್ಲಿ ಸಾಲು ಹಿಡಿದು ಹತ್ತೂ ಹಚ್ಚಿದ. ಹೆಂಡಿ ಗೊಬ್ಬರ ಹಾಕಿದ, ಸುತ್ತ ಇಟ್ಟಂಗಿ ನಿಲ್ಲಿಸಿದ, ಮಳೆ ಜೋರಾದರೆ ತನ್ನ ಛತ್ರಿಯನ್ನು ಅವಕ್ಕೆ ಹಿಡಿದು ತಾನು ತೊಯ್ದ. ಪವಾಡವೋ ಏನೋ, ಹತ್ತೂ ಚಿಗುರಿದವು. ಜನ್ಮದಲ್ಲಿ ಮೊದಲ ಸಲ ಅವನ ಕೈಯಿಂದ ಹಸಿರು ಎದ್ದಿತ್ತು. ಯಾರೂ ಎಲೆ ಮುಟ್ಟಬಾರದೆಂದು ಕಟ್ಟಪ್ಪಣೆ ಮಾಡಿದ. ಅಂಗಡಿಗೆ ಹೋಗುವಾಗ "ಬರತೀನಿ" ಎಂದು ಹೆಂಡತಿಗಿಂತ ಮೊದಲು ಗಿಡಕ್ಕೆ ಹೇಳುತ್ತಿದ್ದ.

ದಸರೆಗೆ ಹದಿನೈದು ದಿನವಿತ್ತು. ಒಂದು ಸಂಜೆ ಅಂಗಳದಲ್ಲಿ ಕೂತಾಗ ಗಾಳಿಯ ಜೊತೆ ಘಮ್ಮೆಂದು ಸುಗಂಧರಾಜದ ವಾಸನೆ ಬಂತು. ಗಿಡಗಳಲ್ಲಿ ಮೊಗ್ಗಿನ ಸುಳಿವೇ ಇಲ್ಲ. ಆದರೂ ಮಲಕಾಜಪ್ಪ ಹಿಗ್ಗಿ ಹೀರೇಕಾಯಿಯಾದ. ಮರುದಿನ ಬಾಜೂ ಅಂಗಡಿಯ ಸಾತಲಿಂಗಪ್ಪನ ಮುಂದೆ ಶುರು ಹಚ್ಚಿಕೊಂಡ: "ನಿಮ್ಮವು ಹೂ ಬಿಟ್ಟ ಮ್ಯಾಲೆ ವಾಸನಿ ಕೊಡತಾವ. ನಂದು ಎಲೀನ ಘಮಘಮ ಅಂತದ, ಬಂದು ನೋಡು."

ಸಾತಲಿಂಗಪ್ಪ ಸಂಜೆಗೆ ಬಂದ. ವಾಸನೆ ಬಂದದ್ದು ಖರೆ. ಅವನು ಬಗ್ಗಿ, ಅಪ್ಪಣೆಗಿಪ್ಪಣೆ ಏನೂ ಕೇಳದೆ ಒಂದು ಎಲೆ ಚಿವುಟಿ ಬಾಯಿಗೆ ಹಾಕಿಕೊಂಡ. ನಿಧಾನ ಅಗಿದ.

"ಮಲಕಾಜಪ್ಪ, ರೊಟ್ಟಿ ತರಿಸು. ಉಳ್ಳಾಗಡ್ಡಿ ಎಳೇದದ, ಛಲೋ ಅದ."

ಮಲಕಾಜಪ್ಪ ತಾನೂ ಒಂದೆಲೆ ಅಗಿದ. ಚೀಟಿ ತೆಗೆದು ಮತ್ತೆ ಓದಿದ. ಮುದುಕಿ "ಬಿಳೀ ಹೂವಿನ ಗಡ್ಡಿ ಹಚ್ಚಲಿ" ಅಂದಿರಬೇಕು. ಮರಾಠಿಯ ಕಾಂದಾ ಗಡ್ಡೆಯೂ ಹೌದು, ಉಳ್ಳಾಗಡ್ಡಿಯೂ ಹೌದು; ಬರೆದವರು ಗಡ್ಡಿಯನ್ನು ಕಾಂದಾ ಮಾಡಿ, ನಡುವಿನ ಹೂವನ್ನು ನುಂಗಿಬಿಟ್ಟಿದ್ದರು. ಓದಿದ ಶಾಣ್ಯಾ ಉಳ್ಳಾಗಡ್ಡಿಗೆ ನಾಕು ತಿಂಗಳು ಛತ್ರಿ ಹಿಡಿದಿದ್ದ. ಹಂಗಾರೆ ಆ ಕಂದು ಗಡ್ಡೆಗಳು? ಅಡುಗೆಮನೆಗೆ ಹೋದವು. ಅತ್ತೆಯ ಕಡೆಯ ಆರೇಳು ಗಡ್ಡೆಗಳನ್ನು ತಾನು ಪಲ್ಯದಲ್ಲಿ ತಿಂದು, ಮೇಲೆ ಮಜ್ಜಿಗೆ ಕುಡಿದು ತೇಗಿರಬೇಕು.

"ಪ್ಯಾಟಿಯೊಳಗ ಒಂದು ಕಡ್ಡಿ ಕೊಂಡು ಒಯ್ದು ಕೊಡು. ಆಕೀಗೇನು ಕಾಣತದ?" ಅಂದ ಸಾತಲಿಂಗಪ್ಪ.

ಎರಡು ದಿನ ಮಲಕಾಜಪ್ಪ ಅದನ್ನೇ ಮೆಲುಕು ಹಾಕಿದ. ಹೂವಿನವರ ಸಾಲಿನ ತನಕ ಹೋಗಿಯೂ ಬಂದ. ಕಣ್ಣಿಲ್ಲದ ಮುದುಕಿಯ ಮೂಗಿಗೆ ಮೋಸ ಮಾಡಲು ಕೈ ಏಳಲಿಲ್ಲ. ಮೂರನೇ ದಿನ ಊಟಕ್ಕೆ ಕೂತವನು ತಾಟು ಸರಿಸಿ, ಹೆಂಡತಿಗೆ ಎಲ್ಲ ಹೇಳಿ, "ನಿಮ್ಮವ್ವಗ ಹೆಂಗ ಮಾರಿ ತೋರಸಲಿ?" ಅಂದ. ಕಣ್ಣಲ್ಲಿ ನೀರು ಬಂದಿತ್ತು.

ಸಾವಿತ್ರಿಬಾಯಿ ಎದ್ದು, "ಬರ್ರಿ" ಎಂದು ಹಿಂಬಾಗಿಲು ತೆಗೆದಳು. ಗೋಡೆಯಾಚೆ ಬಚ್ಚಲ ನೀರು ಹರಿಯುವ ಮೋರಿಯ ಬದಿ, ಆಡು ಬಾಯಿ ಹಾಕದಂತೆ ಇಟ್ಟ ಜಾಲಿಮುಳ್ಳಿನ ನಡುವೆ, ನಾಲ್ಕು ಕಡ್ಡಿ ಸುಗಂಧರಾಜ ಅರಳಿ ನಿಂತಿತ್ತು.

"ಗೊತ್ತಿದ್ದೂ ನನಗ್ಯಾಕ ಹೇಳಲಿಲ್ಲ?"

"ನೀ ಓದಿಯೇನು ಅಂದಿದ್ದಿರಲ್ರಿ" ಅಂದಳು ಅವಳು.

ದಸರೆಯ ದಿನ ಗಂಡಹೆಂಡತಿ ರೈಲು ಹತ್ತಿದರು. ಹೋಟಗಿ ಸ್ಟೇಶನ್ ದಾಟುವುದರೊಳಗೆ ಡಬ್ಬಿಯೆಲ್ಲ ಘಮಘಮ. ಮಂದಿ ಯಾರು ಬೆಳೆದದ್ದೆಂದು ಕೇಳಿದರೆ ಮಲಕಾಜಪ್ಪ ಕಿಟಕಿಯ ಹೊರಗೆ ನೋಡುತ್ತಿದ್ದ. ಅಕ್ಕಲಕೋಟದಲ್ಲಿ ತುಳಜಾಬಾಯಿಯ ಕೈಯಲ್ಲಿ ಹೂವಿಟ್ಟ. ಮುದುಕಿ ಅದನ್ನು ಮುಖಕ್ಕೆ ಒತ್ತಿ ಹಿಡಿದಳು. ಆಮೇಲೆ ತನ್ನ ಬಾಜೂಕ್ಕೆ ಒಬ್ಬರು ಕೂಡುವಷ್ಟು ಜಾಗ ಬಿಟ್ಟು ಸರಿದು ಕೂತಳು.

"ಕೈಗುಣ ಛಲೋ ಅದ ಅಳ್ಯಾರದು" ಅಂದಳು.

ಸುಮ್ಮನಿರಿ ಎಂದು ಸಾವಿತ್ರಿಬಾಯಿ ಕಣ್ಸನ್ನೆ ಮಾಡಿದಳು. ಮಲಕಾಜಪ್ಪನಿಗೆ ತಡೆಯಲಿಲ್ಲ. ಚೀಟಿ, ಛತ್ರಿ, ಸಾತಲಿಂಗಪ್ಪ ಅಗಿದ ಎಲೆ, ಬಚ್ಚಲ ಮೋರಿ, ಒಂದೂ ಬಿಡದೆ ಒಪ್ಪಿಸಿದ.

ಮುದುಕಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ನಮ್ಮವರೂ ಅಂಗಳದಾಗ ಹಚ್ಚಿ, ನೀರು ಹಾಕಿ ಹಾಕಿ ಕೊಳಸಿದ್ರು. ಉಳದ ಎರಡು ಗಡ್ಡಿ ನಾನ ಬಚ್ಚಲ ಬಾಜೂಕ ಹುಗದೆ. ಹೂ ಬಿಟ್ಟ ಮ್ಯಾಲೆ ಊರಿಗೆಲ್ಲ 'ನಾ ಬೆಳಸೀನಿ' ಅಂತ ಹೇಳಕೋತ ತಿರಗಿದ್ರು. ಪಾಪ, ಸಾಯೂತನಕ ಗೊತ್ತಾಗಲಿಲ್ಲ ಅವರಿಗೆ. ನೀವು ಒಂದ ಮಳಿಗಾಲದಾಗ ತಿಳಕೊಂಡ್ರಿ."

ತಾಯಿ ಮಗಳು ಇಬ್ಬರೂ ಸೆರಗಿನಲ್ಲಿ ಕಣ್ಣು ಒರೆಸಿಕೊಂಡು ನಕ್ಕರು. ಅವರ ನಡುವೆ ಮಲಕಾಜಪ್ಪ ಇಂಗು ತಿಂದ ಮಂಗನಂತೆ ಕೂತಿದ್ದ. ತುಳಜಾಬಾಯಿ ವಾಸನೆ ಹಿಡಿದು ಅವನ ಕಾಲ ಬದಿಯ ಚೀಲಕ್ಕೆ ಕೈ ಹಾಕಿ, ಅವನು ಅಂಗಳದಿಂದ ಬೇರು ಮಣ್ಣು ಸಹಿತ ಕಿತ್ತು ತಂದ ಒಂದು ಹಿಡಿ ಉಳ್ಳಾಗಡ್ಡಿ ಎಲೆ ಹೊರತೆಗೆದು ಮೂಸಿದಳು.

"ಇದ್ಯಾರು ಬೆಳಸಿದ್ದು?"

"ಅದು ಮಾತ್ರ ನಾನ, ಅತ್ತಿ" ಅಂದ ಮಲಕಾಜಪ್ಪ.