ಕೆಳಮನೆಯ ಡಬ್ಬಿಯಲ್ಲಿ ನನ್ನ ಹಕ್ಕಿಗಳು

ಲ್ಯಾಪ್‌ಟಾಪ್ ಕಟಕಟ ಸದ್ದು ಮಾಡತೊಡಗಿದ ದಿನ ಅದನ್ನು ಹಳೆಯ ಟವೆಲ್ಲಿನಲ್ಲಿ ಸುತ್ತಿಕೊಂಡು ಆರ್.ಟಿ. ನಗರದ ರಿಪೇರಿ ಅಂಗಡಿಗೆ ಓಡಿದೆ. ಅದರೊಳಗೆ ನನ್ನ ಹದಿನಾಲ್ಕು ವರ್ಷದ ಭಾನುವಾರಗಳಿದ್ದವು. ಹೆಬ್ಬಾಳ ಕೆರೆಯ ದಂಡೆಯಲ್ಲಿ ನಿಂತು ತೆಗೆದ ಹಕ್ಕಿಗಳ ಚಿತ್ರಗಳು, ಯಾವ ದಿನ ಎಷ್ಟು ನಾಮದ ಕೋಳಿ, ಎಷ್ಟು ಹೆಜ್ಜಾರ್ಲೆ ಎಂಬ ಟಿಪ್ಪಣಿಗಳು. ಮದುವೆ, ಮಕ್ಕಳ ಗೊಡವೆಗೆ ಹೋಗದ ನನಗೆ ಸ್ವಂತದ್ದು ಅಂತ ಇರುವುದು ಅದೊಂದೇ. ಹೋದರೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ಅಂಗಡಿಯವರು ಹೇಗೋ ಎಲ್ಲವನ್ನೂ ಉಳಿಸಿಕೊಟ್ಟು, ಆಮೇಲೆ ಬೈದರು. "ಒಂದೇ ಕಡೆ ಇಟ್ಕೊಂಡ್ರೆ ಹೆಂಗೆ ಮೇಡಂ? ಮೂರು ಕಾಪಿ ಇರ್ಬೇಕು. ಇದ್ರಲ್ಲೊಂದು, ಹಾರ್ಡ್ ಡಿಸ್ಕಲ್ಲೊಂದು, ಬೇರೆಯವ್ರ ಮನೇಲೊಂದು. ನಿಮ್ಮನೆಗೆ ಕಳ್ಳ ಬಂದ್ರೆ? ಯಾರಾದ್ರೂ ಇದಾರಲ್ವಾ?"

"ಬೇಕಾದಷ್ಟು ಜನ ಇದಾರೆ" ಎಂದೆ. ಮೂವತ್ತು ವರ್ಷ ಸರ್ಕಾರಿ ಕಚೇರಿಯಲ್ಲಿದ್ದೂ ಅಷ್ಟು ದೊಡ್ಡ ಸುಳ್ಳು ಹೇಳಿರಲಿಲ್ಲ. ಎರಡು ಡಿಸ್ಕ್ ಕೊಂಡು ಗಂಗಾನಗರದ ಮನೆಗೆ ಬಂದೆ.

ಸಂಜಯನಗರದಲ್ಲಿರುವ ತಮ್ಮನಿಗೆ ಫೋನ್ ಮಾಡಿದೆ. ನಾವು ಮಾತಾಡುವುದು ಯಾರದಾದರೂ ಮದುವೆ ಇದ್ದಾಗ ಮಾತ್ರ. "ನಮ್ಮನೇಲಿ ಇಟ್ರೆ ಎಲ್ಲೋ ಕಳ್ದೋಗುತ್ತೆ ಅಕ್ಕ. ಕ್ಲೌಡ್‌ಗೆ ಹಾಕ್ಬಿಡು, ಈಗ ಡಿಸ್ಕು ಗಿಸ್ಕು ಯಾರ್ ಇಟ್ಕೋತಾರೆ?" ಎಂದ. ಸರಿ, ಅದೂ ಆಗಲಿ ಎಂದು ಕನ್ನಡಕ ಏರಿಸಿಕೊಂಡು ಕೂತೆ. ಅರ್ಧ ದಾರಿಯಲ್ಲಿ ಅದು ಕೇಳಿತು: ನೀವು ಪಾಸ್‌ವರ್ಡ್ ಮರೆತರೆ ನಾವು ಸಂಪರ್ಕಿಸಬಹುದಾದ, ನಿಮ್ಮ ನಂಬಿಕೆಯ ಒಬ್ಬರ ನಂಬರ್ ಕೊಡಿ. ಈ ಯಂತ್ರಕ್ಕೂ ಅದೇ ಉಸಾಬರಿಯೇ ಎಂದು ಸಿಟ್ಟು ಬಂತು. ಮುಚ್ಚಿಟ್ಟೆ. ಅವತ್ತು ಅತ್ತುಬಿಟ್ಟೆ ಕೂಡ.

ಅಡುಗೆಮನೆಯಲ್ಲಿ ಕೆಳಮನೆಯವರ ಸ್ಟೀಲ್ ಡಬ್ಬಿಯೊಂದು ನಾಲ್ಕು ತಿಂಗಳಿಂದ ಬಿದ್ದಿತ್ತು. ರಂಜಾನಿಗೆ ಆ ಮನೆಯಾಕೆ ಸುರ್ಕುಂಬ, ಅದೇ ಹಾಲು-ಶಾವಿಗೆಯ ಪಾಯಸ, ತುಂಬಿಸಿ ಕೊಟ್ಟಿದ್ದರು. ಖಾಲಿ ಡಬ್ಬಿ ಹಿಂದಿರುಗಿಸಬಾರದು ಎನ್ನುತ್ತಿದ್ದಳು ಅಮ್ಮ. ಒಂದು ಲೋಟ ಅಕ್ಕಿ ಬೇಯಿಸಿ ಎರಡು ಹೊತ್ತು ಉಣ್ಣುವವಳು ಅದರಲ್ಲಿ ಏನು ತುಂಬಿಸಲಿ? ನಾಚಿಕೆಯಿಂದ ಆಕೆಯ ಕಣ್ಣು ತಪ್ಪಿಸಿ ಓಡಾಡುತ್ತಿದ್ದೆ. ಮರುದಿನ ಎರಡನೆಯ ಡಿಸ್ಕನ್ನು ಅದರೊಳಗಿಟ್ಟು ಕೆಳಗಿಳಿದೆ.

"ಅಯ್ಯೋ, ಇದೆಲ್ಲ ಯಾಕ್ ತೊಂದ್ರೆ ತಗೊಂಡ್ರಿ" ಎನ್ನುತ್ತಲೇ ಆಕೆ ಮುಚ್ಚಳ ತೆಗೆದರು. ಸಿಹಿ ಇರುತ್ತದೆ ಎಂದುಕೊಂಡಿದ್ದರೇನೋ. ನಾನು ತಡವರಿಸುತ್ತಾ ಕೆರೆ, ಹಕ್ಕಿ, ಮೂರು ಕಾಪಿ ಎಲ್ಲ ಹೇಳಿದೆ. ಆಕೆ ನಗಲಿಲ್ಲ. ಡಿಸ್ಕನ್ನು ತಿರುಗಿಸಿ ನೋಡಿ, "ಇಟ್ಕೋತೀನಿ. ಆದ್ರೆ ನಿಮ್ಗೇನಾದ್ರೂ ಆದ್ರೆ ಇದನ್ನ ಯಾರಿಗ್ ಕೊಡ್ಲಿ ಮೇಡಂ?" ಎಂದು ಕೇಳಿದರು.

"ಯಾರೂ ಕೇಳ್ಕೊಂಡ್ ಬರಲ್ಲ. ನೀವೇ ಇಟ್ಕೊಳ್ಳಿ" ಎಂದೆ. ದನಿ ಒಡೆಯಿತು, ನನ್ನ ಮೇಲೆ ನನಗೇ ಕೋಪ ಬಂತು. ಆಕೆ ಡಬ್ಬಿಯನ್ನು ಬೀರುವಿನಲ್ಲಿಟ್ಟು, ಕೂರಿ ಎಂದು ಕುರ್ಚಿ ಎಳೆದು ಚಹಾ ಮಾಡಲು ಹೋದರು.

ಹೊಸ ಚಿತ್ರಗಳನ್ನು ಆ ಡಿಸ್ಕಿಗೂ ಸೇರಿಸುತ್ತಿರಬೇಕು, ತಿಂಗಳಿಗೊಮ್ಮೆ ಮಾಡಿದರೆ ಸಾಕು ಎಂದು ಅಂಗಡಿಯವರು ಹೇಳಿದ್ದರು. ನಾನು ಪ್ರತಿ ಭಾನುವಾರ ಮಾಡುತ್ತೇನೆ. ಮಧ್ಯಾಹ್ನ ಇಳಿದು ಡಬ್ಬಿ ತರುತ್ತೇನೆ, ಸಂಜೆ ಕೊಟ್ಟು ಬರುತ್ತೇನೆ. ಎರಡು ಸಲ ಬಾಗಿಲು ತಟ್ಟಿದ ಹಾಗಾಗುತ್ತದೆ. ಮಂಡಿನೋವು ಹೆಚ್ಚಾಗಿ ಮೂರು ವಾರದಿಂದ ಕೆರೆಯ ಕಡೆ ಹೋಗಿಲ್ಲ. ಡಿಸ್ಕಿಗೆ ಸೇರಿಸಲು ಒಂದು ಗುಬ್ಬಿಯೂ ಇಲ್ಲ.

ಇವತ್ತೂ ಮೆಟ್ಟಿಲಿಳಿದು ಹೋಗಿ ಡಬ್ಬಿ ತಂದಿದ್ದೇನೆ.