ತೊಳೆದ ಕೊಟ್ಟಿಗೆ

ಕೊಟ್ಟಿಗೆಯನ್ನು ಆಗತಾನೇ ತೊಳೆದಿದ್ದರು. ಚಪ್ಪಡಿಗಳ ಸಂದಿನಲ್ಲಿ ನೀರು ಇನ್ನೂ ಹೊಳೆಯುತ್ತಿತ್ತು, ಫಿನಾಯಿಲ್ ವಾಸನೆ ಮೂಗಿಗೆ ಹತ್ತುತ್ತಿತ್ತು. ಕಳೆದ ಭಾನುವಾರದ ಮಾತು. ನಮ್ಮ ಹಳ್ಳಿಕಾರ್ ಕಡಸನ್ನು ಕೊಳ್ಳಲು ಕೇಳಿದವರ ಮನೆ ನೋಡಲು ಡೆಂಕಣಿಕೋಟೆ ಕಡೆಯ ಹಳ್ಳಿಯೊಂದಕ್ಕೆ ಹೋಗಿದ್ದೆ. "ಗೋದಲೆಗೂ ಸುಣ್ಣ ಹೊಡ್ಸಿದೀನಿ ನೋಡಿ ಸಾರ್" ಎಂದರು ಯಜಮಾನರು. ದನ ಮೇಯಲು ಹೋಗಿವೆಯಂತೆ. ನನಗೆ ನಂಬಿಕೆ ಬರಲಿಲ್ಲ. ನೀವೇ ಹೇಳಿ, ದನ ಕಟ್ಟುವ ಜಾಗ ಇಷ್ಟು ಚೊಕ್ಕಟವಾಗಿ ಇರುತ್ತದೆಯೇ?

ಈ ಅನುಮಾನ ನಾನು ಸಂಪಾದಿಸಿದ್ದಲ್ಲ. ಅಮ್ಮನ ಅಕ್ಕ, ಉದ್ದನಪಲ್ಲಿಯ ನಮ್ಮ ದೊಡ್ಡಮ್ಮನಿಂದ ಬಂದದ್ದು. ಕೊಳ್ಳುವವರ ಕೊಟ್ಟಿಗೆಯನ್ನು ಕಣ್ಣಾರೆ ನೋಡದೆ ಆಕೆ ಒಂದು ಕರುವನ್ನೂ ಮನೆಯಿಂದ ಹೊರಗೆ ಬಿಟ್ಟವಳಲ್ಲ. "ಎತ್ತು ಕೊಡ್ತಿದ್ದೀಯೋ ಹೆಣ್ಣು ಕೊಡ್ತಿದ್ದೀಯೋ?" ಎಂದು ಊರವರು ಆಡಿಕೊಂಡರೆ, "ಹೆಣ್ಣಾದ್ರೆ ಬಂದು ಹೇಳ್ತಾಳೆ. ಇದು ಬಂದು ಹೇಳ್ತದಾ?" ಎನ್ನುತ್ತಿದ್ದಳು. ಕೊಳ್ಳುವವನ ಮುಖ ನೋಡುತ್ತಿರಲಿಲ್ಲ. ಹಗ್ಗ ತಿಕ್ಕಿ ಕಂಬ ಸವೆದಿದೆಯೇ, ಗಂಜಲದ ಕಮಟು ಇದೆಯೇ, ಗೋದಲೆಯ ತಳದಲ್ಲಿ ಜಗಿದು ಬಿಟ್ಟ ಹುಲ್ಲಿದೆಯೇ, ಇಷ್ಟೇ ಅವಳ ಪರೀಕ್ಷೆ.

ಎಂಟು ವರ್ಷದ ಹಿಂದೆ ಅವಳ ಜೋಡೆತ್ತಿನಲ್ಲಿ ಒಂದು ಸತ್ತಿತು. ಉಳಿದದ್ದು ಬೂದ. ಜೊತೆಯಿಲ್ಲದ ಎತ್ತು ಮೇವು ಬಿಡುತ್ತದೆ. ಅದಕ್ಕೊಂದು ಜೊತೆ ಇರುವ ಮನೆ ಬೇಕಿತ್ತು. ನಾನಾಗ ಹೊಸೂರಿನ ಕಾರ್ಖಾನೆಯೊಂದರಲ್ಲಿ ಇನ್‌ಸ್ಪೆಕ್ಷನ್ ಕೆಲಸದಲ್ಲಿದ್ದೆ. ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಬಿಡಿಭಾಗವನ್ನು ಪಕ್ಕಕ್ಕೆಸೆಯುವುದು ನನ್ನ ಸಂಬಳದ ಕೆಲಸ. ಅದಕ್ಕೇ ಇರಬೇಕು, "ನಿಂಗೆ ಕಣ್ಣು ಚುರುಕು, ಬಾರ್ಲಾ" ಎಂದು ಕರೆದಳು.

ಮೊದಲು ಗುಮ್ಮಳಾಪುರ. ಆ ರೈತನ ಬಳಿ ಬೂದನಷ್ಟೇ ಎತ್ತರದ ಒಂಟಿ ಎತ್ತಿದೆ ಎಂದು ಕೇಳಿದ್ದೆವು. ಹೋದರೆ ಕೊಟ್ಟಿಗೆ ಹಸನಾಗಿ ಸಾರಿಸಿತ್ತು, ಗೋದಲೆ ತೊಳೆದಿತ್ತು, ಎತ್ತು ಇರಲಿಲ್ಲ. "ತಮ್ಮ ಹೊಲಕ್ಕೆ ಹೊಡ್ಕೊಂಡೋಗವ್ನೆ, ಸಂಜೆಗಂಟ ಇರಿ" ಎಂದ. ದೊಡ್ಡಮ್ಮ ನೆಲವನ್ನು ಕಾಲ್ಬೆರಳಿನಿಂದ ಒತ್ತಿ ನೋಡಿದಳು. ಬಸ್ಸಿನಲ್ಲಿ ಕುಳಿತ ಮೇಲೆ, "ಅಲ್ಲಿ ದನಾನೇ ಕಟ್ಟಿಲ್ಲ ಕಣ್ಲಾ" ಎಂದಳು.

ಮುಂದಿನ ವಾರ ರಾಯಕೋಟೆಯ ಹತ್ತಿರ. ಅಲ್ಲಿಯವನು ಕನ್ನಡ, ತಮಿಳು, ತೆಲುಗು ಮೂರು ಭಾಷೆಯಲ್ಲೂ ಅವಳನ್ನು ಅಮ್ಮಾ ಎಂದ. ತನ್ನ ಒಂಟಿ ಎತ್ತು ಗಾಣಕ್ಕೆ ಹೋಗಿದೆ ಎಂದ. ಕೊಟ್ಟಿಗೆಯಲ್ಲಿ ಎರಡು ಹಸು, ಹಿಮ್ಮಡಿ ಮುಳುಗುವಷ್ಟು ಸಗಣಿ, ಹಗ್ಗದ ಗುರುತು ಬಿದ್ದ ಕಂಬ. ದೊಡ್ಡಮ್ಮ ಆ ಕಂಬದ ಮೇಲೆ ಕೈಯಾಡಿಸಿ ತಲೆದೂಗಿದಳು.

ನಾನು ಕಂಡದ್ದನ್ನು ಇಲ್ಲಿ ಸರಿಯಾಗಿ ಹೇಳಬೇಕು. ಜಗಲಿಯ ಕೆಳಗಿದ್ದ ಕಂದು ನಾಯಿ ನಮ್ಮನ್ನು ನೋಡಿ ಬೊಗಳಿ ಸುಮ್ಮನಾಯಿತು. ಅವನು ನೀರು ತರಲು ಮನೆಯೊಳಕ್ಕೆ ಹೊರಟಾಗ ಮತ್ತೆ ಎದ್ದು, ಅವನ ಹಿಮ್ಮಡಿಗೇ ಮೂಗು ಚಾಚಿ, ಹೊಸ್ತಿಲವರೆಗೂ ಬೊಗಳಿತು. ಅವನು ನಾಯಿಯ ಹೆಸರು ಹಿಡಿದು ಗದರಲಿಲ್ಲ. ಕಲ್ಲು ಎತ್ತುವವನಂತೆ ಬಗ್ಗಿದ. ನನಗೆ ಚುರುಕ್ ಎಂದಿತು. ಆದರೆ ದೊಡ್ಡಮ್ಮ ಒಪ್ಪಿಬಿಟ್ಟಿದ್ದಳು, ನನಗೆ ರಾತ್ರಿ ಪಾಳಿಯಿತ್ತು. ಬಾಯಿ ಬಿಡಲಿಲ್ಲ.

ಬೂದ ಅವನ ಜೊತೆ ಹೋಯಿತು. ತಿಂಗಳೊಳಗೆ ದೊಡ್ಡಮ್ಮ ಬೇಯಿಸಿದ ಹುರುಳಿಯ ಗಂಟು ಹಿಡಿದು ನೋಡಲು ಹೊರಟಳು, ಜೊತೆಗೆ ನಾನು. ಅದೇ ಕೊಟ್ಟಿಗೆ, ಅದೇ ಹಸುಗಳು. ಮನೆಯವನು ಮಾತ್ರ ಬೇರೆ. "ನೆಂಟ್ರು ಬತ್ತಾರೆ, ಅರ್ಧ ದಿವ್ಸ ಕೊಟ್ಟಿಗೆ ಬುಟ್ಕೊಡಿ ಅಂತ ಒಬ್ಬ ದಳ್ಳಾಳಿ ಕೇಳ್ದ. ನಾವು ಹೊಲಕ್ಕೆ ಹೋಗ್ಬುಟ್ವಿ" ಎಂದ. ಬೂದ ಎಲ್ಲಿಗೆ ಹೋಯಿತೋ ಯಾರಿಗೂ ತಿಳಿಯದು. ದೊಡ್ಡಮ್ಮ ಹುರುಳಿಯನ್ನು ಆ ಹಸುಗಳಿಗೇ ಹಾಕಿದಳು. ವಾಪಸು ಬರುವಾಗ ಒಂದೇ ಮಾತು ಕೇಳಿದಳು: "ನಿಂಗೇನೂ ಕಾಣ್ಲಿಲ್ವೇನ್ಲಾ?" ಇಲ್ಲ ಎಂದೆ.

ಗುಮ್ಮಳಾಪುರದವನು ಆಮೇಲೊಮ್ಮೆ ಹೊಸೂರಿನಲ್ಲಿ ಸಿಕ್ಕಿದ. "ನೀವು ಬತ್ತೀರಂತ ನಮ್ಮ ಹೆಂಗಸ್ರು ಬೆಳಗ್ಗಿಂದ ತೊಳ್ದಿದ್ದು ಸ್ವಾಮಿ. ಐದಕ್ಕೆ ಎತ್ತು ಮನೆಗ್ ಬಂತು. ಇನ್ನೂ ಒಂಟಿಯಾಗೇ ಐತೆ" ಎಂದ. ಇದನ್ನೂ ನಾನು ದೊಡ್ಡಮ್ಮನಿಗೆ ಹೇಳಲಿಲ್ಲ.

ಭಾನುವಾರ ಆ ಫಿನಾಯಿಲ್ ವಾಸನೆಯ ನಡುವೆ ನಿಂತು ಅವಳಿಗೆ ಫೋನು ಮಾಡಿದೆ.

"ಕಮಟು ಐತಾ?" ಎಂದಳು.

"ಇಲ್ಲ. ತೊಳ್ದವ್ರೆ." ಹಾಗೇ ಹೇಳಿಬಿಟ್ಟೆ: "ದೊಡ್ಡಮ್ಮ, ಅವತ್ತು ರಾಯಕೋಟೇಲಿ ನಾಯಿ ಆ ದಳ್ಳಾಳಿಗೇ ಬೊಗಳ್ತು. ನಾನು ನೋಡ್ದೆ, ಹೇಳ್ಲಿಲ್ಲ."



"ನಾನೇನು ಕಿವುಡೀನಾ? ನಂಗೂ ಕೇಳ್ತು ಕಣ್ಲಾ. ಮಂಡಿ ಸೀಳೋಗ್ತಿತ್ತು. ಇನ್ನೊಂದು ಊರು ಸುತ್ತಕ್ಕಾಗಕಿಲ್ಲ ಅಂತ ಸುಮ್ಕಾದೆ." ಮತ್ತೆ ಕೇಳಿದಳು: "ನಿನ್ ಮಂಡಿ ಚೆನ್ನಾಗವೆ ತಾನೆ?"

ಯಜಮಾನರು ಗಡಿಯಾರ ನೋಡಿಕೊಂಡು, "ದನ ಬರೋದು ಆರಾಗ್ತದೆ ಸಾರ್, ನಿಮ್ಮ ಬಸ್ಸು ನಾಲ್ಕಕ್ಕೆ" ಎಂದರು. ನಾನು ಚಪ್ಪಲಿ ಬಿಟ್ಟು ಜಗಲಿಯ ಮೇಲೆ ಕುಳಿತೆ.