ಪಂಚಮಿಗೆ ಕೆಂಪಾಗಬೇಕಿದ್ದ ಎಲೆ

ನಮ್ಮ ಹೊಳೆಗೆ ಅಣೆಕಟ್ಟು ಬರುವುದಕ್ಕೂ ಮುಂಚಿನ ಮಾತು. ಹೊಸಪೇಟೆಯವರಾದ ನಾವು ಆಗ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದವರು. ಆ ಮದ್ರಾಸನ್ನು ನಮ್ಮ ಓಣಿಯಲ್ಲಿ ಒಬ್ಬರೂ ಕಂಡಿರಲಿಲ್ಲ. ಕುಡಿಯುವ ನೀರು ಕಾಲುವೆಯಿಂದ, ಸಂಜೆಯ ಬೆಳಕು ಸೀಮೆಎಣ್ಣೆ ಬುಡ್ಡಿಯಿಂದ. ಹಸಿ ಜಾಲಿ ಕಟ್ಟಿಗೆಯ ಹೊಗೆಗೆ ಕಣ್ಣುಜ್ಜಿಕೊಳ್ಳುತ್ತಾ ಬಿಸಿ ರೊಟ್ಟಿಗೆ ಕೈಯೊಡ್ಡಿ ಕೂತವರು ನಿಮ್ಮಲ್ಲೂ ಇರಬಹುದು. ಅಂಥ ದಿನಗಳ ಒಂದು ಬೇಸಿಗೆ, ಅರ್ಧ ಮಳೆಗಾಲದ ಕತೆ ಇದು.

ರೈಲು ಠೇಸಣದ ಹರಾಜಿನಲ್ಲಿ ಅಪ್ಪ ಒಂದು ಗಾಜಿನ ಪಾತ್ರೆ ತಂದಿದ್ದ. ತಂತಿ ಕಚೇರಿಯ ಬ್ಯಾಟರಿಗೆ ಬಳಸಿದ್ದು. ಚೌಕಾಕಾರ, ಮೊಳದೆತ್ತರ, ಬಾಯಿಯ ಒಂದು ಕಡೆ ಚಕ್ಕೆ ಹಾರಿತ್ತು. ಉಪ್ಪು ಹಾಕಲಿಕ್ಕೆಂದು ತಂದದ್ದು. "ಅದರಾಗ ಏನು ವಿಷ ಇತ್ತೋ ಏನೋ, ನನ್ನ ಅಡಿಗಿ ಮನಿಗೆ ಬ್ಯಾಡ" ಎಂದು ಅವ್ವ ಹೊರಗಿಟ್ಟಳು. ಅದು ಗಿರಿಜಕ್ಕನ ಪಾಲಾಯಿತು.

ಗಿರಿಜಕ್ಕ ನನಗಿಂತ ಆರು ವರ್ಷಕ್ಕೆ ದೊಡ್ಡವಳು. ಪಾತ್ರೆಯನ್ನು ಬೂದಿ ಹಚ್ಚಿ ತಿಕ್ಕಿ, ತಳಕ್ಕೆ ಕಾಲುವೆಯ ರಾಡಿ, ಮೇಲೆ ಮರಳು ಹಾಕಿ, ಹಿತ್ತಲ ಗೋಡೆಯ ಬುಡದಲ್ಲಿಟ್ಟಳು. ಹಂಪಿ ಕಡೆ ಮಾವನ ಬಾಳೆತೋಟಕ್ಕೆ ಹೋದಾಗ ಕಲ್ಲುಗಾಲುವೆಯ ಅಂಚಿನಿಂದ ಒಂದು ನೀರುಗಿಡ ಕಿತ್ತು ತಂದು ಅದರಲ್ಲಿ ನೆಟ್ಟಳು. ಹೆಸರು ಗೊತ್ತಿರಲಿಲ್ಲ. ಬುಡದಲ್ಲಿ ಹಸಿರು, ತುದಿಯ ಸಣ್ಣ ಎಲೆಗಳು ಮಾತ್ರ ವೀಳ್ಯ ಮೆದ್ದ ನಾಲಿಗೆಯ ಹಾಗೆ ಕೆಂಪು. ಅದಕ್ಕೇ ಕೆಂಪಿ ಎಂದು ಕರೆದೆವು. ಜೊತೆಗೆ ಬೆರಳುಗುರಿನಷ್ಟು ಎರಡು ಮೀನು. ಬೆಳಗಿನ ಬಿಸಿಲು ಗಾಜಿಗೆ ಬಿದ್ದರೆ ಎಲೆಗಳ ಮೇಲೆ ಸಾಸಿವೆಯಷ್ಟು ಗುಳ್ಳೆಗಳು ಕೂರುತ್ತಿದ್ದವು. "ಉಸಿರಾಡಾಕ ಹತ್ತೈತಿ, ಸುಮ್ಕಿರು" ಎಂದು ಅಕ್ಕ ನನ್ನ ಬಾಯಿ ಮುಚ್ಚುತ್ತಿದ್ದಳು.

ಹಿಂದಿನ ವರ್ಷವೇ ಅಕ್ಕನ ಮದುವೆಯಾಗಿತ್ತು. ಆ ಬೇಸಿಗೆ ಕಂಪ್ಲಿಯಿಂದ ಗಂಡನ ಮನೆಯವರು ಕರೆಯಲು ಬಂದರು. ಬಂಡಿ ಹೂಡುವಾಗ ಆಕೆ ನನ್ನನ್ನು ಹಿತ್ತಲಿಗೆ ಎಳೆದುಕೊಂಡು ಹೋದಳು.

"ಈರಿ, ಕೆಂಪಿನ್ನ ನೋಡ್ಕ. ಪಂಚಮಿಗೆ ಬರ್ತೀನಿ. ಹಿಂಗs ಕೆಂಪಗ ಇರ್ಬೇಕು."

"ಇರ್ಲಿಲ್ಲಂದ್ರ?"

"ಇರ್ಲಿಲ್ಲಂದ್ರ ನೀನು ನನ್ನ ಮರ್ತಿ ಅಂತ ತಿಳ್ಕಂತೀನಿ."

ಎಂಟು ವರ್ಷದ ನಾನು ಆ ಮಾತನ್ನು ನಿಜವೆಂದೇ ತಿಳಿದೆ.

ಅವಳು ಹೋದ ಮೇಲೆ ಮನೆ ಸದ್ದು ಕಳೆದುಕೊಂಡಿತು. ಅವ್ವನಿಗೆ ಕೈಗೂಸು, ಅಪ್ಪನಿಗೆ ಅಂಗಡಿ, ಅಜ್ಜಿಗೆ ಪೂಜೆ. ಕುಂಟಾಬಿಲ್ಲೆಯಲ್ಲಿ ನನ್ನ ಬಿಲ್ಲೆ ನಾನೇ ಎಸೆದು, ಗೆರೆ ತುಳಿದರೆ ನನ್ನನ್ನು ನಾನೇ ಬೈದುಕೊಂಡು, ಒಂದು ವಾರಕ್ಕೆ ಬೇಸತ್ತೆ. ಚಾಪೆಯಲ್ಲಿ ಅರ್ಧ ಖಾಲಿ. ಆ ಖಾಲಿಗೆ ಏನಾದರೂ ಇರಲಿ ಎಂದು ಗಾಜಿನ ಪಾತ್ರೆಯನ್ನು ಒಳಗೆ ತಂದು, ನಾನು ಮಲಗುವ ಮೂಲೆಯಲ್ಲಿ ಇಟ್ಟುಕೊಂಡೆ.

ಹೊಸ್ತಿಲೊಳಗೆ ಬಂದದ್ದೆಲ್ಲ ಅಜ್ಜಿಯ ಕಟ್ಟಳೆಗೆ ಸೇರುತ್ತಿತ್ತು. ಮೊದಲು ಮೀನು ಕಂಡಳು.

"ಲಿಂಗ ಇರೋ ಮನ್ಯಾಗ ಮೀನಾ! ಬಿಟ್ಟು ಬಾ ಜಲ್ದಿ. ಇಲ್ಲಂದ್ರ ಅದರ ಕೂಡ ನಿನ್ನೂ ಕಾಲುವಿಗೆ ಬಿಡ್ತೀನಿ."

ಬಿಟ್ಟು ಬಂದೆ. ಆಮೇಲೆ ನೀರಿನ ಮಾತು. ನಮ್ಮ ಮನೆಯಲ್ಲಿ ನಿನ್ನೆಯ ನೀರು ಇಂದಿಗೆ ನಿಲ್ಲುವ ಹಾಗಿರಲಿಲ್ಲ. ಬೆಳಗಾದರೆ ಕೊಡ, ಹಂಡೆ, ಪೂಜೆಯ ತಂಬಿಗೆ ಎಲ್ಲ ಚೆಲ್ಲಿ, ಹುಣಸೆಹಣ್ಣು ಹಚ್ಚಿ ತಿಕ್ಕಿ, ಹೊಸ ನೀರು ತುಂಬಬೇಕು. "ಇದೂ ಒಂದು ಕೊಡ ಇದ್ದಂಗs" ಎಂದಳು ಅಜ್ಜಿ. ದಿನಾ ಬೆಳಿಗ್ಗೆ ಗಿಡವನ್ನು ಕಿತ್ತು ಪಕ್ಕಕ್ಕಿಟ್ಟು, ರಾಡಿ ಚೆಲ್ಲಿ, ಅಕ್ಕಿ ತೊಳೆದ ಹಾಗೆ ಮರಳು ತೊಳೆದು, ಗಾಜು ಉಜ್ಜಿ, ಕೆಂಪಿಯನ್ನು ಮತ್ತೆ ನೆಡುತ್ತಿದ್ದೆ. "ನೋಡು, ಪೂಜಿಗಿಟ್ಟ ನೀರು ಕಂಡಂಗ ಕಾಣ್ತೈತಿ" ಎಂದು ಅಜ್ಜಿ ಒಮ್ಮೆ ಹೊಗಳಿದಳು. ಅಕ್ಕ ಹೋದ ಮೇಲೆ ನನ್ನನ್ನು ಯಾರಾದರೂ ಹೊಗಳಿದ್ದು ಅದೇ ಮೊದಲು. ಮಾರನೆಯ ದಿನದಿಂದ ಎರಡು ಹೊತ್ತು ತೊಳೆದೆ.

ನೀರು ತಿಳಿಯಾದಷ್ಟೂ ಕೆಂಪಿ ಸೊರಗಿತು. ಮೊದಲು ತುದಿಯ ಕೆಂಪು ಹೋಯಿತು. ಆಮೇಲೆ ಬಂದ ಚಿಗುರೆಲ್ಲ ಹಳದಿ. ನರ ಮಾತ್ರ ಹಸಿರಾಗಿ ಉಳಿದು, ಬಲೆ ನೇಯ್ದ ಹಾಗೆ ಕಾಣುತ್ತಿತ್ತು. ಕೆಳಗಿನ ಎಲೆಗಳು ಗಾಜಿನಂತೆ ತೆಳ್ಳಗಾಗಿ, ಮುಟ್ಟಿದರೆ ಬೆರಳಿಗೆ ಅಂಟಿಕೊಂಡು ಬರುತ್ತಿದ್ದವು. ಯಾರಿಗೆ ಹೇಳುವುದು? ಅವ್ವ "ಹುಲ್ಲಿಗೆ ಯಾಕ ಅಳ್ತಿ, ಕೂಸು ತೂಗು" ಎಂದಳು. ಗೋಡೆಗೆ ಮುಖ ಮಾಡಿ ಮಲಗುತ್ತಿದ್ದೆ. ಈ ಕಡೆ ತಿರುಗಿದರೆ ಅದು ಕಾಣುತ್ತಿತ್ತು.

ಕಾರಹುಣ್ಣಿಮೆ ಹತ್ತಿರ ಬಂತು. ಎತ್ತಿನ ಮೈಗೆ, ಗೋಡೆಯ ಪಟ್ಟಿಗೆ ಬಳಿಯುವ ಜಾಜು, ಅಂದರೆ ಕೆಂಪುಮಣ್ಣು, ಮಾರಲು ಸೊಂಡೂರಿನ ಕಡೆ ಬಂಡ್ರಿಯಿಂದ ದುರುಗವ್ವ ಎಂಬಾಕೆ ಪ್ರತಿ ವರ್ಷ ಬರುತ್ತಿದ್ದಳು. ಬುಟ್ಟಿ, ಸೀರೆ, ಹಿಮ್ಮಡಿಯ ಬಿರುಕು, ಎಲ್ಲ ಒಂದೇ ಕೆಂಪು. ಅಂದು ಹಿತ್ತಲ ಬಾಗಿಲಲ್ಲಿ ಬುಟ್ಟಿ ಇಳಿಸಿ ಕೂತಿದ್ದಳು. ನಾನು ನೀರು ಚೆಲ್ಲಲು ಪಾತ್ರೆ ತಂದೆ.

"ಏನವ್ವ ತಂಗಿ, ಇದಕ ಜ್ವರ ಬಂದೈತೇನು?"

"ದಿನಾ ತೊಳೀತೀನಿ."

"ತೊಳೀತಿ, ಖರೆ. ಉಣ್ಣಾಕ ಏನು ಹಾಕ್ತಿ?"

"ನೀರು."

ಆಕೆ ಎಲೆಯಡಿಕೆ ಉಗುಳಿ ನಕ್ಕಳು. "ನಿಮ್ಮವ್ವ ದಿನಾ ಎರಡು ಸಲ ಜಳಕ ಮಾಡ್ಸಿ ಒಂದು ರೊಟ್ಟಿ ಕೊಡ್ದಿದ್ರ ನೀನೂ ಹಿಂಗs ಬಿಳಿಚ್ಕಂತಿದ್ದಿ. ಇದರಾಗ ಮೀನ ಇರ್ಲಿಲ್ಲೇನು?"

"ಇದ್ದವು. ಅಜ್ಜಿ ಬಿಡ್ಸಿದ್ಲು."

"ಅದರ ಹೇಲs ಇದಕ ಊಟ, ಹುಚ್ಚಿ! ಅನ್ನ ಕೊಡೋದನ್ನs ಹೊರಗ ಹಾಕಿ ಕುಂತೀರಿ." ಬುಟ್ಟಿಯಿಂದ ಒಂದು ಹಿಡಿ ಜಾಜು ತೆಗೆದು ನನ್ನ ಅಂಗೈಗೆ ಹಾಕಿದಳು. "ನಮ್ಮೂರ ಕೆರ್ಯಾಗ ಹುಲ್ಲು ಸೈತ ನೆತ್ತರು ಕುಡಿದಂಗ ಇರ್ತಾವ, ಮಣ್ಣಿನ ಗುಣ. ಇದನ್ನ ಕಾಲುವಿ ರಾಡಿ ಕೂಡ ಕಲಸಿ, ಬೋರಿಹಣ್ಣಿನಷ್ಟು ಉಂಡಿ ಕಟ್ಟು. ನೆಳ್ಳಾಗ ಒಣಗ್ಸು. ಬೇರಿನ ಬುಡಕ ಒತ್ತಿ ಮ್ಯಾಲ ಮರಳು ಮುಚ್ಚು. ಆಮ್ಯಾಲ ಕೈ ಆಡಿಸ್ಬ್ಯಾಡ. ಹಳೀ ಎಲಿ ಮತ್ತ ಕೆಂಪಾಗೂದಿಲ್ಲ, ಅದರ ಆಸೆ ಬಿಡು. ಹೊಸಾದು ಏನು ಬರ್ತೈತಿ ಅದನ್ನ ನೋಡು."

ಇನ್ನು ದಿನಾ ನೀರು ಚೆಲ್ಲುವುದಿಲ್ಲವೆಂದು ಅಜ್ಜಿಯ ಮುಂದೆ ಹೋಗಿ ಹೇಳಿದೆ. ಆಕೆ ವಿಭೂತಿ ಉಂಡೆ ತೇಯುತ್ತಾ ತಲೆ ಎತ್ತದೆ ಹೇಳಿದಳು: "ಹಳೀ ನೀರು ಹೊಸ್ತಿಲ ಒಳಗ ಬ್ಯಾಡ. ಹೊರಗ ಏನರ ಮಾಡ್ಕ."

ಪಾತ್ರೆ ಮತ್ತೆ ಹಿತ್ತಲಿಗೆ ಹೋಯಿತು. ಮೊದಲ ಉಂಡೆ ಸರಿಯಾಗಿ ಒಣಗಿರಲಿಲ್ಲ. ಒತ್ತಿದ ಕೂಡಲೇ ಬಿಚ್ಚಿಕೊಂಡು ನೀರೆಲ್ಲ ರಕ್ತದ ಹಾಗಾಯಿತು. ಎರಡು ದಿನ ಗಿಡವೇ ಕಾಣಲಿಲ್ಲ. ಚೆಲ್ಲಲು ಕೈ ತುರಿಸುತ್ತಿತ್ತು. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಕೂತೆ. ಮೂರನೆಯ ದಿನ ಮಣ್ಣು ತಳ ಸೇರಿತು. ಕಾಲುವೆಗೆ ಹೋಗಿ, ಉಟ್ಟ ಪರಕಾರದ ಅಂಚನ್ನೇ ಬಲೆ ಮಾಡಿ ಎರಡು ಮೀನು ಹಿಡಿದು ತಂದೆ. ಮಧ್ಯಾಹ್ನದ ಬಿಸಿಲು ಹೆಚ್ಚಾಗಿ ಗಾಜಿಗೆ ಹಸಿರು ಪಾಚಿ ಕಟ್ಟಿದರೆ ಹಳೆಯ ಮೊರ ಅಡ್ಡ ಇಡುತ್ತಿದ್ದೆ. ಜಡಿಮಳೆ ಹಿಡಿದರೆ ಅದೇ ಮೊರ ಮೇಲೆ ಮುಚ್ಚಿ, ಗೋಣಿ ಹೊದ್ದು ಪಕ್ಕದಲ್ಲಿ ಕೂರುತ್ತಿದ್ದೆ. ಅಲ್ಲಿ ಮಾತಿಗೆ ಯಾರೂ ಇರಲಿಲ್ಲ. ಮೀನಿಗೇ ಹೇಳುತ್ತಿದ್ದೆ: "ಇನ್ನ ಮೂವತ್ತು ದಿನ. ಇನ್ನ ಇಪ್ಪತ್ತು."

ಹಳೆಯ ಎಲೆಗಳು ಒಂದೊಂದಾಗಿ ಉದುರಿದವು. ಬರೀ ಕಡ್ಡಿ ಉಳಿಯಿತು ಅನ್ನುವಾಗ ತುದಿಯಲ್ಲಿ ಹಸಿರು ಚಿಗುರು. ಅದರ ಮೇಲಿನದು ತಾಮ್ರದ ಬಣ್ಣ. ಪಂಚಮಿಗೆ ವಾರವಿರುವಾಗ ತುದಿ ಪೂರ್ತಿ ಕೆಂಪಾಗಿ, ಎಲೆಗಳ ಮೇಲೆ ಗುಳ್ಳೆ ಕೂತವು. ಓಡಿ ಹೋಗಿ ಯಾರಿಗಾದರೂ ಹೇಳಬೇಕೆಂದು ಎದ್ದೆ. ಹೇಳಬೇಕಾದವಳು ಕಂಪ್ಲಿಯಲ್ಲಿದ್ದಳು. ಮತ್ತೆ ಕೂತೆ.

ಅಕ್ಕ ಹಬ್ಬದ ಹಿಂದಿನ ದಿನ ಬಂದಳು. ಕೂಡಲೇ ಓಣಿಯ ಹೆಂಗಸರೆಲ್ಲ ಸುತ್ತ ಕೂತರು. ಶೇಂಗಾ ಉಂಡಿ, ಅಳ್ಳಿಟ್ಟು, ಜೋಕಾಲಿ, ನಗು. ಎಳೆದರೆ "ತಡಿ ಈರಿ, ಬಂದೆ" ಅನ್ನುತ್ತಿದ್ದಳು. ಮಾರನೆಯ ದಿನ ಹಾಲೆರೆದು ಬಂದ ಮೇಲೆ ಅಂತೂ ಹಿತ್ತಲಿಗೆ ಬಂದಳು. ನಾನು ಮೊರ ಸರಿಸಿದೆ.

"ಅಯ್ಯ, ಇದಾ?" ಅವಳು ನಕ್ಕುಬಿಟ್ಟಳು. "ನಮ್ಮ ಗದ್ದ್ಯಾಗ ಇದರದs ಕಾಟ ನೋಡು. ಮುಂಜಾನಿಂದ ಸಂಜಿ ಮಟ ಬಗ್ಗಿ ಇದನ್ನs ಕೀಳೂದು."

ಅವಳು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಳು. ಬೆರಳ ಸಂದುಗಳು ಕೆಸರಿಗೆ ಬೆಳ್ಳಗೆ ಕೊಳೆತಿದ್ದವು.

"ಅತ್ತಿ ಬದುವಿನ ಮ್ಯಾಲ ಕುಂತಿರ್ತಾಳ," ಎಂದು ಹೇಳತೊಡಗಿದಳು, ನನ್ನ ಕಡೆ ನೋಡದೆ. "ಒಂದು ಕೆಂಪು ಕುಡಿ ಉಳಿದಿದ್ದು ಕಂಡ್ರ ಸಾಕು, 'ನಿಮ್ಮವ್ವ ಕಣ್ಣು ಕೊಟ್ಟು ಕಳ್ಸಿಲ್ಲೇನು' ಅಂತಾಳ. ನಡಾ ನೆಟ್ಟಗ ಮಾಡಾಂಗಿಲ್ಲ. ಅವ್ವಗ ಹೇಳ್ಬ್ಯಾಡ ಮತ್ತ. ಭಾಳ ದಿನ ಏನಿಲ್ಲ, ರೂಢಿ ಆಗತೈತಿ..."

ಹೇಳುತ್ತಾ ಹೇಳುತ್ತಾ ಅವಳ ಬಲಗೈ ನೀರಿಗಿಳಿಯಿತು. ಎರಡು ಬೆರಳು ಗಿಡದ ಬುಡ ಹಿಡಿದವು, ಮಣಿಕಟ್ಟು ಒಮ್ಮೆ ತಿರುಗಿತು, ಕೆಂಪಿ ಬೇರುಸಮೇತ ಹೊರಗೆ ಬಂತು. ಅದನ್ನು ಪಕ್ಕಕ್ಕೆ ಒಗೆದು ಮಾತು ಮುಂದುವರಿಸಲು ಹೋದವಳು ಅರ್ಧಕ್ಕೇ ನಿಲ್ಲಿಸಿದಳು. ನೀರು ಕೆಂಪಗೆ ಕದಡುತ್ತಿತ್ತು.

"ನಾನು ಕಿತ್ತಿಲ್ಲ ಈರಿ," ಎಂದಳು. ತನ್ನ ಕೈಯನ್ನೇ ನೋಡುತ್ತಿದ್ದಳು. "ನಾನು ಕಿತ್ತಿಲ್ಲ ಲೇ."

ಇಬ್ಬರೂ ಸೇರಿ ಮತ್ತೆ ನೆಟ್ಟೆವು. ಮರುದಿನ ಬಂಡಿ ಬಂತು. ನಾಲ್ಕು ದಿನಕ್ಕೆ ಕಾಂಡ ಮೆತ್ತಗಾಗಿ ತೇಲಿತು. ಹೊಸದು ತರಲು ನಾನು ಹಂಪಿಗೆ ಹೋಗಲಿಲ್ಲ. ಅಕ್ಕ ನನ್ನನ್ನು ಮರೆತಿರಲಿಲ್ಲ, ಅದು ನನಗೆ ಗೊತ್ತಿತ್ತು. ಆದರೆ ನನ್ನ ಜೊತೆ ಗುಳ್ಳೆ ನೋಡುತ್ತಾ ಉಸಿರು ಬಿಗಿಹಿಡಿದು ಕೂರುತ್ತಿದ್ದವಳು ಇನ್ನು ಯಾವ ಪಂಚಮಿಗೂ ಬರುವುದಿಲ್ಲವೆಂದೂ ಆ ಮಧ್ಯಾಹ್ನವೇ ಗೊತ್ತಾಗಿತ್ತು. ಎಂಟು ವರ್ಷಕ್ಕೆ ಅದು ದೊಡ್ಡ ತಿಳಿವಳಿಕೆ.

ಈಗ ಕಂಪ್ಲಿ ಬಸ್ಸಿನಲ್ಲಿ ಒಂದು ತಾಸಿನ ದಾರಿ. ಮೊಮ್ಮಕ್ಕಳನ್ನು ಕಂಡಿರುವ ಗಿರಿಜಕ್ಕ ತಿಂಗಳಿಗೊಮ್ಮೆಯಾದರೂ ಬರುತ್ತಾಳೆ. ಮಂಡಿನೋವಿನ ಮಾತಾಡುತ್ತೇವೆ, ಮಳೆಯ ಮಾತಾಡುತ್ತೇವೆ. ಚಹಾ ಕುಡಿದು ಬಸಿಯನ್ನು ನೆಲಕ್ಕಿಟ್ಟು, "ಮುಂದಿನ ಬಸ್ಸು ಎಷ್ಟು ಹೊತ್ತಿಗೆ?" ಎಂದು ಕೇಳುತ್ತಾಳೆ. ನಾನು ಹೇಳುತ್ತೇನೆ.